ಸಂಜೆಯೊಳಗೆ ಮೂವತ್ತು ವರ್ಷ

"ಹೊಸದು ಅನ್ನೋದು ನನ್ನ ಕೈಗೆ ಬಂದ್ಮೇಲೆ ಹೊಸದಾಗೇ ಉಳಿದದ್ದು ಇದುವರೆಗೂ ಇಲ್ಲ," ಎಂದು ಜಿನ್ ಫುಗೆನ್ ಫೋನಿನಲ್ಲಿ ಸಾರಿದ. "ಬೆಳಗ್ಗೆ ಬಟ್ಟೆ ಕೊಡಿ, ಸಂಜೆಯೊಳಗೆ ಮೂವತ್ತು ವರ್ಷ ಹಳೇದು ಮಾಡಿ ಕೊಡ್ತೀನಿ. ಒಂದು ವರ್ಷ ಕಮ್ಮಿ ಆದ್ರೆ ನನ್ನ ಹೆಸರು ಬದಲಾಯಿಸಿ."

ಅಡುಗೆಮನೆಯಲ್ಲಿ ಗಂಜಿ ತಿರುವುತ್ತಿದ್ದ ಹೆಂಡತಿ ಐಚಿನ್ ಅಲ್ಲಿಂದಲೇ ಕೂಗಿದಳು. "ಅದೇನು ಅಂಥಾ ದೊಡ್ಡ ವಿದ್ಯೆ? ನನ್ನನ್ನ ಮದುವೆಯಾದ ಎರಡೇ ವರ್ಷಕ್ಕೆ ಮಾಡಿ ತೋರಿಸಿದ್ದೀಯಲ್ಲ."

ಫುಗೆನ್ ಫೋನನ್ನು ಎದೆಗೆ ಒತ್ತಿ ಹಿಡಿದು, "ಕೆಲಸದ ಮಾತು ನಡೀತಿದೆ," ಎಂದು ಗದರಿದ. ಆಮೇಲೆ ಮತ್ತೆ ಫೋನು ಕಿವಿಗಿಟ್ಟು ಇನ್ನೂ ಹತ್ತು ನಿಮಿಷ ತನ್ನನ್ನು ತಾನೇ ಹೊಗಳಿಕೊಂಡ.

ಹೆಂಗ್‌ದ್ಯಾನ್ ಸಿನಿಮಾದವರ ಊರು. ಬೆಳಗಾದರೆ ಮೂರು ಚಕ್ರವರ್ತಿಗಳು, ಒಬ್ಬ ಸೇನಾಪತಿ, ನಾಲ್ಕೈದು ಹೆಣಗಳು ತಿಂಡಿ ಗಾಡಿಯ ಮುಂದೆ ಸಾಲುಗಟ್ಟಿ ನಿಂತು ಸೋಯಾ ಹಾಲು ಕುಡಿಯುತ್ತಿರುತ್ತಾರೆ. ಆ ಹೆಣಗಳು ಉಡುವ ಹರಕು, ಸೋತ ಸಿಪಾಯಿಗಳ ಚಿಂದಿ, ಭಿಕ್ಷುಕರ ತೇಪೆ ಎಲ್ಲವೂ ಫುಗೆನ್‌ನ ಕೈಯವು. ದರ್ಜಿಯಿಂದ ಗರಿಗರಿಯಾಗಿ ಬಂದ ಬಟ್ಟೆಯನ್ನು ಉಜ್ಜಿ, ನೆನೆಸಿ, ಸುಟ್ಟು, ತಿರುಚಿ ಹಳತು ಮಾಡುವುದು ಅವನ ಕಸುಬು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಫುಗೆನ್ ದೊಣ್ಣೆಯ ಕಡೆಯವನು. ಅದಕ್ಕೇ ಸಂಬಳ ಪಡೆಯುವ ದೊಣ್ಣೆ.

ಅವನ ಅತ್ತೆ, ಅಂದರೆ ಐಚಿನ್‌ಳ ತಾಯಿ, ಮದುವೆಯಾದ ವರ್ಷದಿಂದ ಈ ಮನೆಯಲ್ಲೇ ಇದ್ದಾರೆ. ಇಪ್ಪತ್ತಾರು ವರ್ಷ. ಬಣ್ಣ ಸರಿಬರದೆ ಸಿನಿಮಾದವರು ಬೇಡವೆಂದ ಅಂಗಿಗಳೆಲ್ಲ ಅತ್ತೆಯ ಮೈಮೇಲೆ ಕೊನೆಗಾಣುತ್ತಿದ್ದವು. ಒಮ್ಮೆ ಸೋತ ಸಿಪಾಯಿಯ ಕೋಟು, ಒಮ್ಮೆ ಸುಟ್ಟ ಹಳ್ಳಿಯ ರೈತ ಹೆಂಗಸಿನ ಷರಾಯಿ. ಪ್ರತಿ ಹೊಸವರ್ಷಕ್ಕೂ ಐಚಿನ್, "ಅಮ್ಮ, ಒಂದು ಹೊಸಾದು ಕೊಡಿಸ್ಲಾ?" ಎಂದು ಕೇಳುತ್ತಿದ್ದಳು. ಅತ್ತೆ, "ನಂಗ್ಯಾಕೆ ಹೊಸಾದು, ಇದೇ ಬೇಕಾದಷ್ಟಾಯ್ತು," ಎನ್ನುತ್ತಿದ್ದರು. ಬೇಡ ಅಂದ ಮಾತನ್ನು ನಂಬುವುದು ಎಷ್ಟು ಸುಲಭ. ಮಗಳೂ ಅಳಿಯನೂ ಇಪ್ಪತ್ತಾರು ಸಲ ನಂಬಿದರು.

ಅತ್ತೆ ತಮಗೆ ಹೊಸದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದನ್ನು. ಅದು ಆಯುಷ್ಯದ ಬಟ್ಟೆ. ಹೆಸರು ಹಾಗಿದ್ದರೂ ತೊಡುವುದು ಆಯುಷ್ಯ ಮುಗಿದ ಮೇಲೆ. ಬದುಕಿದ್ದಾಗಲೇ ಹೊಲಿಸಿಟ್ಟುಕೊಳ್ಳಬೇಕು, ಅದೂ ಅಧಿಕಮಾಸದಲ್ಲಿ, ಅದೂ ಹೆಣ್ಣುಮಕ್ಕಳ ಕೈಯಲ್ಲಿ. ಹಾಗೆ ಹೊಲಿದರೆ ತಿಂಗಳು ಹೆಚ್ಚಾದಂತೆ ಆಯಸ್ಸೂ ಹೆಚ್ಚುತ್ತದೆ. ಹೋದ ವರ್ಷದ ಅಧಿಕಮಾಸದಲ್ಲಿ ಐಚಿನ್ ತನ್ನ ಅಕ್ಕನ ಮನೆಗೆ ಹೋಗಿ, ಇಬ್ಬರೂ ಕೂತು ಇಪ್ಪತ್ತು ದಿನ ಹೊಲಿದಿದ್ದರು. ಅಂಗಡಿಯಲ್ಲಿ ಸಿಗುವ ಹೂಬಳ್ಳಿ ಕಸೂತಿಯ ಮಿರಿಮಿರಿ ಬಟ್ಟೆ ಅತ್ತೆಗೆ ಬೇಡವಾಗಿತ್ತು. ಹುಡುಗಿಯಾಗಿದ್ದಾಗ ಎಲ್ಲರೂ ತೊಡುತ್ತಿದ್ದಂಥ ಕಡುನೀಲಿ ಹತ್ತಿಯ ಅಂಗಿಯೇ ಆಗಬೇಕು ಎಂದಿದ್ದರು.

ಅದಕ್ಕೆ ಕಾರಣ ಇತ್ತು. ಅತ್ತೆಯ ಮದುವೆ ನಡೆದದ್ದು ಬಟ್ಟೆಗೂ ರೇಷನ್ ಚೀಟಿ ಇದ್ದ ಕಾಲದಲ್ಲಿ. ಮನೆಯವರ ಚೀಟಿಯೆಲ್ಲ ಸೇರಿಸಿದರೂ ಒಂದು ತೋಳಿಗಾಗುವಷ್ಟೇ ಬಟ್ಟೆ. ಪಕ್ಕದ ಮನೆಯವಳ ಕಡುನೀಲಿ ಅಂಗಿಯನ್ನು ಎರವಲು ತಂದು ಮದುಮಗಳಿಗೆ ತೊಡಿಸಿದರು. ಮೊಣಕೈಯಲ್ಲಿ ತೇಪೆ. ಮೂರನೇ ದಿನ ಒಗೆದು ವಾಪಸ್ಸು ಕೊಟ್ಟದ್ದಾಯಿತು. ಗಂಡ ಹದಿನಾಲ್ಕು ವರ್ಷ ಬಾಳಿ ತೀರಿಕೊಂಡ. ಅಷ್ಟು ವರ್ಷದಲ್ಲಿ ಹೆಂಡತಿಯನ್ನು ಒಮ್ಮೆಯೂ ಹೊಸ ಬಟ್ಟೆಯಲ್ಲಿ ನೋಡಲಿಲ್ಲ. "ಬರೋವಾಗ ಅವರಿವರದ್ದು ಹಾಕ್ಕೊಂಡು ಬಂದೆ. ಹೋಗೋವಾಗಾದ್ರೂ ನಂದೇ ಹಾಕ್ಕೊಂಡು ಹೋಗಿ ಆ ಮನುಷ್ಯನ ಎದುರು ನಿಲ್ತೀನಿ," ಎನ್ನುತ್ತಿದ್ದರು ಅತ್ತೆ. ಇದನ್ನು ಅವರು ಫುಗೆನ್‌ನ ಮುಂದೆಯೂ ಹೇಳಿದ್ದುಂಟು. ಅವನು ಆಗ ಯಾವುದೋ ಅಂಗಿಯ ಕಾಲರನ್ನು ಉಜ್ಜುತ್ತಿದ್ದ.

ಹೋಗುವ ದಿನವೂ ದೂರವಿರಲಿಲ್ಲ. ವಸಂತದಲ್ಲಿ ಡಾಕ್ಟರು ಐಚಿನ್‌ಳನ್ನು ಪಕ್ಕಕ್ಕೆ ಕರೆದು, ಹೃದಯ ತೀರಾ ಸೋತಿದೆ, ಇನ್ನೊಂದು ವರ್ಷ ಕಳೆದರೆ ದೊಡ್ಡದು ಎಂದಿದ್ದರು. ಅತ್ತೆಗೆ ಯಾರೂ ಹೇಳಲಿಲ್ಲ. ಆದರೂ ಅತ್ತೆಗೆ ಗೊತ್ತಿತ್ತು.

ಫುಗೆನ್ ಫೋನಿನಲ್ಲಿ ಸಾರಿದ ಆ ದಿನ ಆರನೇ ತಿಂಗಳ ಆರನೇ ದಿನ. ಮನೆಮನೆಯಲ್ಲೂ ಪೆಟ್ಟಿಗೆ ತೆರೆದು ಬಟ್ಟೆಗಳನ್ನು ಬಿಸಿಲಿಗೆ ಹಾಕುವ ದಿನ. ಪಂಚಾಂಗ ನೋಡುವುದು ಐಚಿನ್‌ಳ ಖಾತೆ, ಫುಗೆನ್‌ಗೆ ಅದರ ಗೊಡವೆಯಿಲ್ಲ. ಸಹನಿರ್ದೇಶಕಿ ಹಾನ್ ಫೋನಿನಲ್ಲಿ ಹೇಳಿದ್ದಷ್ಟೇ ಅವನ ತಲೆಯಲ್ಲಿತ್ತು. ಬರಗಾಲದ ದೃಶ್ಯ. ಹಿಮದಲ್ಲಿ ಬಿದ್ದು ಸಾಯುವ ಭಿಕ್ಷುಕಿ ಮುದುಕಿ. ಕಡುನೀಲಿಯ ಚಳಿಗಾಲದ ಉಡುಪನ್ನು ದರ್ಜಿ ಬೆಳಗ್ಗೆ ಮನೆಗೇ ತಲುಪಿಸುತ್ತಾನೆ, ಮೂರು ಗಂಟೆಗೆ ವ್ಯಾನು ಬರುತ್ತದೆ. ಹೊಸ ಬಟ್ಟೆ ಹಾಕಿಕೊಂಡು ಹಸಿವಿನಿಂದ ಸತ್ತರೆ ನೋಡುವವರು ನಂಬುವುದಿಲ್ಲ, ಆದ್ದರಿಂದ ಫುಗೆನ್ ಮೇಸ್ತ್ರಿಗಳು ಕೈಚಳಕ ತೋರಿಸಬೇಕು.

ಮೇಸ್ತ್ರಿಗಳು ಉಪ್ಪುಕಾಗದ ತರಲು ಪೇಟೆಗೆ ಹೋದರು. ಆ ಹೊತ್ತಿನಲ್ಲೇ ದರ್ಜಿ ಬಂದು ಕಟ್ಟು ಕೊಟ್ಟುಹೋದ. ಐಚಿನ್ ಅದನ್ನು ಒಳಕೋಣೆಯ ಕುರ್ಚಿಯ ಮೇಲಿಟ್ಟಳು. ಮಾಮೂಲಿನಂತೆ ತಾರಸಿಗೆ ಒಯ್ದು ಬಿದಿರ ಗಳಕ್ಕೆ ತೂಗುಹಾಕುತ್ತಿದ್ದಳೋ ಏನೋ, ಆದರೆ ಇವತ್ತು ಆ ಗಳದ ಮೇಲೆ ಜಾಗವಿರಲಿಲ್ಲ. ಅಲ್ಲಿ ಅಮ್ಮನ ಆಯುಷ್ಯದ ಬಟ್ಟೆ ಬಿಸಿಲು ಕಾಯುತ್ತಿತ್ತು. ಆಮೇಲೆ ಅವಳು ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಬಸ್ಸು ಹತ್ತಿದಳು.

ಫುಗೆನ್ ವಾಪಸ್ಸು ಬಂದು ದರ್ಜಿಗೆ ಫೋನು ಮಾಡಿದ. "ಕೊಟ್ಟಾಯ್ತು ಮೇಸ್ತ್ರಿ, ಆಗ್ಲೇ ಕೊಟ್ಟಾಯ್ತು," ಎಂದ ದರ್ಜಿ. ಫುಗೆನ್ ತಾರಸಿ ಹತ್ತಿದ. ಗಳದ ಮೇಲೆ ಕಡುನೀಲಿ, ಹೊಚ್ಚಹೊಸದು, ಮುದುಕಿಯ ಅಳತೆ, ಹತ್ತಿ ತುಂಬಿದ ಮೇಲಂಗಿ. ಕೈ ಕೈ ಉಜ್ಜಿಕೊಂಡ.

ಹತ್ತಿರ ಹೋಗಿ ನೋಡಿದ ಮೇಲೆ ಅವನಿಗೆ ದರ್ಜಿಯ ಮೇಲೆ ಕೆಟ್ಟ ಕೋಪ ಬಂತು. ಒಂದು ಗುಂಡಿಯೂ ಇಲ್ಲ, ಬರೀ ಕಸೆ ಕಟ್ಟಿ ಕಳಿಸಿದ್ದಾನೆ. ತೋಳು ನೋಡಿದರೆ ಗಜದುದ್ದ, ಕೈ ಮುಚ್ಚಿ ಇನ್ನೂ ಒಂದು ಗೇಣು ಜೋತಾಡುತ್ತದೆ. ಉಡುಪುಗಳನ್ನು ಎಣಿಸಿದರೆ ಮೇಲೆ ತೊಡುವವು ಮೂರು, ಕೆಳಗೆ ತೊಡುವವು ಎರಡು, ಒಟ್ಟು ಐದು. ಜೋಡಿಗೆ ಒಂದು ಕಮ್ಮಿ. "ಕತ್ತೆ ಮೇಯಿಸೋ ನನ್ನಮಗ, ಕತ್ತರಿ ಹಿಡ್ಕೊಂಡು ಕೂತಿದ್ದಾನೆ," ಎಂದು ಗೊಣಗಿದ. ಗುಂಡಿಯಿಲ್ಲದ, ಕೈ ಮುಚ್ಚುವ, ಬೆಸಸಂಖ್ಯೆಯ ಬಟ್ಟೆ ಯಾರಿಗೆ ಹೊಲಿಯುತ್ತಾರೆ ಎಂದು ಆ ಊರಿನ ಮೂರನೇ ತರಗತಿಯ ಮಗುವನ್ನು ಕೇಳಿದರೂ ಹೇಳೀತು. ಫುಗೆನ್‌ಗೂ ಗೊತ್ತಿತ್ತು. ಆದರೆ ಕಸುಬಿನ ಕಣ್ಣು ತೆರೆದುಕೊಂಡರೆ ಅವನ ಉಳಿದೆರಡು ಕಣ್ಣು ಮುಚ್ಚಿಹೋಗುತ್ತಿದ್ದವು.

ದರ್ಜಿಯ ತಪ್ಪುಗಳನ್ನೆಲ್ಲ ತಾನೇ ತಿದ್ದಿದ. ತೋಳನ್ನು ಮಣಿಕಟ್ಟಿನವರೆಗೆ ಕತ್ತರಿಸಿ ಅಂಚನ್ನು ಹಿಂಜಿದ. ಡಬ್ಬಿಯಲ್ಲಿದ್ದ ಐದು ಹಳೆಯ ಗುಂಡಿಗಳನ್ನು, ಒಂದಕ್ಕೊಂದು ಹೊಂದದವನ್ನೇ ಆರಿಸಿ, ಹೊಲಿದ. ಜೋಡಿ ತುಂಬಲಿ ಎಂದು ತಾನು ಬೆವರು ಒರೆಸಿಕೊಳ್ಳುವ ಟವೆಲನ್ನು ತಲೆಗೆ ಕಟ್ಟುವ ವಸ್ತ್ರವೆಂದು ಸೇರಿಸಿ ಆರು ಮಾಡಿದ. ದೊಡ್ಡ ಮನಸ್ಸು.

ಆಮೇಲೆ ಶುರುವಾಯಿತು ನಿಜವಾದ ಕಲೆ. ಸುಮ್ಮಸುಮ್ಮನೆ ಎಲ್ಲೆಂದರಲ್ಲಿ ಹರಿಯುವವನು ಕಲಾವಿದನಲ್ಲ, ಇಲಿ. ಇದು ಫುಗೆನ್‌ನ ಸಿದ್ಧಾಂತ. ಬಟ್ಟೆ ಹಳತಾಗುವುದು ಮನುಷ್ಯನಿಂದ. ಆದ್ದರಿಂದ ಮೊದಲು ಕಣ್ಣು ಮುಚ್ಚಿ ಆ ಮನುಷ್ಯನನ್ನು ಕಾಣಬೇಕು. ಈ ಮುದುಕಿ ಯಾವ ಭುಜದ ಮೇಲೆ ಹೊರೆಯ ಅಡ್ಡೆ ಹೊತ್ತಳು? ಎಡಭುಜ. ಹಾಗಾದರೆ ಎಡಭುಜಕ್ಕೆ ತಂತಿ ಬ್ರಷ್ಷು. ಒಲೆ ಊದಲು ಯಾವ ಮಂಡಿ ಊರಿದಳು? ಬಲಮಂಡಿ. ಅಲ್ಲಿ ಉಪ್ಪುಕಾಗದ, ಎಳೆ ಕಾಣುವವರೆಗೆ. ಒದ್ದೆ ಕೈ ಒರೆಸಿಕೊಂಡದ್ದು ಬಲಸೊಂಟಕ್ಕೆ, ಅಲ್ಲಿ ಕಪ್ಪು ಟೀ ನೀರು, ಮೇಲೊಂದಿಷ್ಟು ಜಿಡ್ಡು. ಸಂಜೆ ಕಿಟಕಿಗೆ ಎಡಮೊಣಕೈ ಊರಿ ಯಾರಿಗೋ ಕಾದಳು, ಅಲ್ಲೊಂದು ತೂತು, ಅದಕ್ಕೊಂದು ತೇಪೆ, ತೇಪೆಯ ಮೇಲೂ ಒಂದು ತೂತು. ಕತ್ತಿನ ಪಟ್ಟಿಗೆ ಗ್ಲಿಸರಿನ್ನು, ಬೂದಿ. ಒದ್ದೆ ಮಾಡಿ ಹಗ್ಗದಿಂದ ಬಿಗಿದು ಬಿಸಿಲಿಗಿಟ್ಟ, ಬಿಚ್ಚಿ ಕೊಡವಿದ. ಎಲ್ಲವೂ ಎಲ್ಲಿಂದ ಹೊಳೆಯುತ್ತಿದೆ ಎಂದು ಅವನಿಗೇ ಆಶ್ಚರ್ಯ. ಕೈ ತಾನಾಗಿ ಓಡುತ್ತಿತ್ತು. ಎರಡೂವರೆಗೆ ಗಳದ ಮೇಲೆ ನೇತಾಡುತ್ತಿದ್ದುದನ್ನು ನೋಡಿ ಅವನಿಗೇ ಕಣ್ಣು ತುಂಬಿತು. ಮೂರಕ್ಕೆ ವ್ಯಾನು ಬಂತು, ಹೋಯಿತು.

ಮೂರೂಕಾಲಿಗೆ ಐಚಿನ್ ಮತ್ತು ಅತ್ತೆ ಬಸ್ಸಿಳಿದು ಬಂದರು. ಐಚಿನ್ ನೇರ ತಾರಸಿಗೆ ಹತ್ತಿದಳು.

"ಅಮ್ಮನ ಬಟ್ಟೆ ತೆಗೆದಿಟ್ಟೆಯಾ?"

"ಯಾವ ಬಟ್ಟೆ?"

"ಗಳದ ಮೇಲಿತ್ತಲ್ಲ. ಕಡುನೀಲಿ."

ಫುಗೆನ್‌ನ ಕಣ್ಣು ಗಳದಿಂದ ನೆಲಕ್ಕಿಳಿಯಿತು. ನೆಲದ ಮೇಲೆ ಕತ್ತರಿಸಿದ ತೋಳಿನ ತುಂಡು ಬಿದ್ದಿತ್ತು. ಐಚಿನ್ ಅದನ್ನು ಎತ್ತಿಕೊಂಡಳು. ಅದರ ಅಂಚಿನ ಸಣ್ಣ ಹೊಲಿಗೆ ಅವಳದೇ.

"ತೋಳು ಯಾಕೆ ಕತ್ತರಿಸ್ದೆ?" ಅವಳ ಧ್ವನಿ ತಣ್ಣಗಿತ್ತು.

"ಉದ್ದ ಇತ್ತು."

"ಉದ್ದ ಇರ್ಲಿ ಅಂತಾನೇ ಇಟ್ಟಿದ್ದು ಕಣಯ್ಯಾ. ಕೈ ಹೊರಗೆ ಕಂಡ್ರೆ ಮಕ್ಕಳು ಮೊಮ್ಮಕ್ಕಳು ಕೈಚಾಚಿ ತಿರುಪೆ ಎತ್ತಬೇಕಾಗುತ್ತೆ. ಇನ್ನೇನು ಮಾಡ್ದೆ?"

"ಗುಂಡಿ... ಐದು ಗುಂಡಿ ಹಾಕಿದೆ."

"ಹೋಗೋ ಜೀವಕ್ಕೆ ಗುಂಡಿ ಹಾಕ್ತಾರಾ? ಎಲ್ಲಿಗೆ ಹೋಗುತ್ತೆ ಅದು, ಇಲ್ಲೇ ಸಿಕ್ಕಿಕೊಂಡು ಬಿದ್ದಿರುತ್ತೆ. ಇನ್ನೇನು?"

"ಬಟ್ಟೆ ಐದಿತ್ತು. ಆರು ಮಾಡಿದೆ."

ಐಚಿನ್ ಗೋಡೆಗೆ ಒರಗಿದಳು. "ಬಟ್ಟೆ ಜೋಡಿಯಾದ್ರೆ ಸಾವೂ ಜೋಡಿಯಾಗುತ್ತೆ ಅಂತಾರೆ. ಎರಡನೇದು ಯಾರದು ಅಂತ ಯೋಚಿಸ್ತಿದ್ದೆ. ನಿನ್ನ ನೋಡಿದ್ಮೇಲೆ ಗೊತ್ತಾಯ್ತು ಬಿಡು," ಎಂದಳು. ಆಮೇಲೆ ಕೂತುಬಿಟ್ಟು ಆ ತೋಳಿನ ತುಂಡಿನಲ್ಲೇ ಮುಖ ಒರೆಸಿಕೊಂಡಳು. "ಮುಂದಿನ ಅಧಿಕಮಾಸ ಯಾವಾಗ ಗೊತ್ತಾ ನಿಂಗೆ? ಇನ್ನೂ ಎರಡು ವರ್ಷ. ಅಲ್ಲೀತನಕ ಅಮ್ಮ ಇರ್ತಾಳಾ ಹೇಳು."

ಕೆಳಗಿನಿಂದ ಅತ್ತೆಯ ದನಿ ಬಂತು. "ಬಟ್ಟೆ ತನ್ನಿ, ಬಿಸಿಲು ತಾಗಿದ್ದು ಸಾಕು. ಮಡಚಿಡ್ತೀನಿ."

ಮುಳುಗುವವನಿಗೆ ಹುಲ್ಲುಕಡ್ಡಿಯ ಆಸರೆ. ದರ್ಜಿಯ ಕಟ್ಟು ಎಲ್ಲಿ ಎಂದು ಫುಗೆನ್ ಕೇಳಿದ, ಒಳಕೋಣೆಯ ಕುರ್ಚಿಯ ಮೇಲೆ ಎಂದಳು ಐಚಿನ್. ಅದೂ ಕಡುನೀಲಿ, ಅದೂ ಹೊಸದು, ಮುದುಕಿಯ ಅಳತೆಯದು. ಐಚಿನ್ ಕೈಹಿಡಿದು ಎಳೆದರೂ ಕೇಳದೆ ಅದನ್ನು ಬಿಚ್ಚಿ, ಎರಡೂ ಕೈಯಲ್ಲಿ ಹೊತ್ತು ಅತ್ತೆಯ ಮುಂದೆ ಇಟ್ಟ.

ಅತ್ತೆ ಕರ್ಪೂರದ ಮರದ ಪೆಟ್ಟಿಗೆಯನ್ನು ತೆರೆದಿಟ್ಟುಕೊಂಡು ಕೂತಿದ್ದರು. ಮೇಲಂಗಿಯನ್ನು ಎತ್ತಿಕೊಂಡು ಬೆರಳಿನಲ್ಲಿ ಉಜ್ಜಿದರು. ಸಿನಿಮಾದ ಬಟ್ಟೆ ಕ್ಯಾಮೆರಾದ ಕಡೆಗೆ ಮಾತ್ರ ಬಟ್ಟೆ. ಬೆನ್ನಿನ ಒಳಗಡೆ ಹೊಲಿಗೆಯ ಬದಲು ಗೋಂದು, ಪಕ್ಕದಲ್ಲಿ ಜಿಪ್ಪು.

"ಇದು ನಂದಲ್ಲ."

"ನಿಮ್ಮದೇ ಅಮ್ಮ. ಬಿಸಿಲಿಗೆ ಸ್ವಲ್ಪ..."

"ಬಿಸಿಲಿಗೆ ಜಿಪ್ಪು ಬರುತ್ತೇನಪ್ಪ?" ಅತ್ತೆ ಅಂಗಿಯನ್ನು ಕೆಳಗಿಟ್ಟರು. "ನಂದು ಎಲ್ಲಿ?"

ಫುಗೆನ್ ಐಚಿನ್‌ಳ ಮುಖ ನೋಡಿದ. ಐಚಿನ್ ಗೋಡೆಯ ಮುಖ ನೋಡಿದಳು.

"ಅದು ಸಿನಿಮಾಕ್ಕೆ ಹೋಗಿದೆ ಅಮ್ಮ."

"ಏನು ಮಾಡೋಕೆ?"

"ಸಾಯೋಕೆ."

"ನನಗಿಂತ ಮುಂಚೆನಾ?" ಎಂದರು ಅತ್ತೆ. ಆಮೇಲೆ ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟು, "ಹೇಗಿದ್ರೂ ಸರಿ, ನಂದು ನಂಗೆ ತಂದುಕೊಡು," ಎಂದರು.

ಫುಗೆನ್ ದರ್ಜಿಯ ಕಟ್ಟನ್ನು ಸ್ಕೂಟರಿಗೆ ಕಟ್ಟಿಕೊಂಡು ಓಡಿದ. ಬ್ಯಾಟರಿ ಅರ್ಧ ದಾರಿಯಲ್ಲಿ ಸತ್ತುಹೋಯಿತು. ಇವತ್ತು ಸಾಯಬಾರದ್ದೆಲ್ಲ ಸಾಯುತ್ತಿದೆ ಎಂದುಕೊಂಡು ಉಳಿದ ದಾರಿಯನ್ನು ತಳ್ಳಿಕೊಂಡೇ ಹೋದ. ಕೋಳಿ ಬೇಯುವಂಥ ಬಿಸಿಲು. ಅಂಥ ಬಿಸಿಲಿನಲ್ಲಿ ಶೂಟಿಂಗಿನ ಅಂಗಳದ ತುಂಬ ಕಾಗದದ ಹಿಮ ಸುರಿಯುತ್ತಿತ್ತು. ನಡುವೆ ಅತ್ತೆಯ ಆಯುಷ್ಯದ ಬಟ್ಟೆ ತೊಟ್ಟ ಹೆಂಗಸೊಬ್ಬಳು ಅಂಗಾತ ಬಿದ್ದಿದ್ದಳು.

"ಆ ಬಟ್ಟೆ ವಾಪಸ್ಸು ಬೇಕು, ಈಗಲೇ," ಎಂದು ಫುಗೆನ್ ದರ್ಜಿಯ ಕಟ್ಟನ್ನು ಮುಂದೆ ಚಾಚಿದ.

ಸಹನಿರ್ದೇಶಕಿ ಹಾನ್ ಬಾಯಿಗೆ ಬೆರಳಿಟ್ಟಳು. "ಹೆಣ ಇನ್ನೂ ಶಾಟ್‌ನಲ್ಲಿದೆ ಮೇಸ್ತ್ರಿ. ಸಾಯೋ ತನಕ ತಾಳಿ."

ಹೆಣ ಸುಲಭಕ್ಕೆ ಸಾಯಲಿಲ್ಲ. ಹತ್ತಿ ತುಂಬಿದ ಅಂಗಿಯೊಳಗೆ ಬೆಂದು ಬೆವರುತ್ತಿತ್ತು. ಮೊದಲ ಸಲ ಮೂಗಿಗೆ ಹಿಮ ಹೋಗಿ ಸೀನಿತು. ಎರಡನೇ ಸಲ ಎದೆ ಏರಿಳಿದದ್ದು ಕಂಡುಬಿಟ್ಟಿತು. ಮೂರನೇ ಸಲ ನಿರ್ದೇಶಕರು ಬಾಯಂಚಿಗೆ ಒಂದಿಷ್ಟು ರಕ್ತ ಬೇಕು ಎಂದರು, ನಾಲ್ಕನೇ ಸಲಕ್ಕೆ ಇನ್ನೊಂದಿಷ್ಟು. ಕೆಂಪು ಬಣ್ಣ ಕತ್ತಿನ ಪಟ್ಟಿಯಿಂದ ಇಳಿದು, ಹೆಣ್ಣುಮಕ್ಕಳು ಇಪ್ಪತ್ತು ದಿನ ಕೂತು ಹೊಲಿದ ಎದೆಯ ಮೇಲೆ ಹರಡಿತು. ಫುಗೆನ್ ನಿಂತು ನೋಡಿದ. ಪ್ರತಿ ಸಲವೂ ಅತ್ತೆಯೇ ಬಿದ್ದ ಹಾಗೆ ಕಾಣುತ್ತಿತ್ತು, ಯಾಕೆಂದು ತಿಳಿಯಲಿಲ್ಲ.

ಏಳನೇ ಸಲಕ್ಕೆ ಹೆಣ ಒಪ್ಪಿಗೆಯಾಯಿತು. ಹಾನ್ ಬಟ್ಟೆ ತಂದುಕೊಟ್ಟಳು. "ನಿಮ್ಮ ಜೀವಮಾನದ ಕೆಲಸ ಇದು ಮೇಸ್ತ್ರಿ. ನಿರ್ದೇಶಕರು ಈ ಮೊಣಕೈನೇ ಎರಡು ನಿಮಿಷ ತೋರಿಸ್ತಾರಂತೆ. ಅಂದ ಹಾಗೆ ಇದು ಯಾಕೆ ವಾಪಸ್ಸು?"

"ನಮ್ಮತ್ತೇದು."

"ಅಯ್ಯೋ," ಎಂದಳು ಹಾನ್. ಅವಳು ತೇಪೆಯನ್ನೂ ಫುಗೆನ್‌ನನ್ನೂ ಮೇಲಿಂದ ಕೆಳಗೆ ನೋಡಿದಳು. "ಇಂಥದ್ದು ಹಾಕ್ಕೊಂಡಿರ್ತಾರಾ ಪಾಪ?"

ಮೇಸ್ತ್ರಿ ತೇಪೆ ಒಳಗೆ ಹೋಗುವ ಹಾಗೆ ಬಟ್ಟೆ ಮಡಚಿ ಸ್ಕೂಟರಿಗೆ ಕಟ್ಟಿದ.

ಮನೆಗೆ ಬಂದಾಗ ಅತ್ತೆ ಬಾಗಿಲ ಬಳಿಯ ಬಿದಿರ ಕುರ್ಚಿಯಲ್ಲಿ ಕೂತಿದ್ದರು. ಐಚಿನ್ ಪಕ್ಕದಲ್ಲಿ ನಿಂತಿದ್ದಳು. ಫುಗೆನ್ ಬಟ್ಟೆಯನ್ನು ಅವರ ತೊಡೆಯ ಮೇಲಿಟ್ಟು ಮಂಡಿಯೂರಿದ. ಬೈಗುಳ ಬೀಳಲಿ, ಚಪ್ಪಲಿ ಬೀಳಲಿ, ಎಲ್ಲಕ್ಕೂ ಸಿದ್ಧನಾಗಿದ್ದ.

ಅತ್ತೆ ಬೈಯಲಿಲ್ಲ. ಅಂಗಿಯನ್ನು ಅಗಲಿಸಿ ಹಿಡಿದು ನೋಡುತ್ತಾ ಹೋದರು. ಎಡಭುಜದ ಮೇಲೆ ಬೆರಳು ನಿಂತಿತು.

"ಇಟ್ಟಿಗೆ ಗೂಡಿನಲ್ಲಿ ಅಡ್ಡೆ ಹೊರೋವಾಗ ನಂದು ಹೀಗೇ ತೇದಿತ್ತು."

ಷರಾಯಿಯ ಬಲಮಂಡಿ ಮುಟ್ಟಿದರು. "ಒಲೆ ಊದೋವಾಗ." ಬಲಸೊಂಟದ ಕಲೆ ನೋಡಿದರು. "ಕೈ ಒರೆಸ್ಕೊಳ್ಳೋ ಅಭ್ಯಾಸ ಇನ್ನೂ ಹೋಗಿಲ್ಲ." ಎಡಮೊಣಕೈಯ ತೇಪೆ, ತೇಪೆಯ ಮೇಲಿನ ತೂತು. ಅಲ್ಲಿ ತುಂಬ ಹೊತ್ತು ಬೆರಳಾಡಿತು. "ಕಿಟಕಿ ಹತ್ರ. ಐಚಿನ್ ಕೆಲಸದಿಂದ ಬರೋದನ್ನ ನೋಡ್ತಾ ಕೂತಿರ್ತೀನಲ್ಲ, ಆಗ."

ಫುಗೆನ್‌ಗೆ ಆಗ ಹೊಳೆಯಿತು, ಮಧ್ಯಾಹ್ನ ಕಣ್ಣು ಮುಚ್ಚಿದಾಗ ಕಂಡ ಆ ಮುದುಕಿ ಯಾರೆಂದು. ಇಪ್ಪತ್ತಾರು ವರ್ಷದಿಂದ ಕಣ್ಣೆದುರಿಗೇ ಓಡಾಡಿದ್ದವರು.

"ನಿನ್ನ ಕಣ್ಣಿಗೆ ಎಲ್ಲಾ ಕಂಡಿದೆ ಕಣಪ್ಪ," ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಭುಜ ಎಲ್ಲಿ ತೇದಿತ್ತು, ಮಂಡಿ ಎಲ್ಲಿ ಹರಿದಿತ್ತು, ಒಂದೂ ಬಿಟ್ಟಿಲ್ಲ. ಇಷ್ಟೆಲ್ಲಾ ಕಂಡೋನಿಗೆ, ಈ ಮುದುಕಿಗೆ ಒಂದು ಹೊಸಾ ಅಂಗಿ ತರಬೇಕು ಅನ್ನೋದು ಮಾತ್ರ ಕಾಣಲಿಲ್ಲ ನೋಡು."

ಐಚಿನ್ ಮುಖ ತಿರುಗಿಸಿಕೊಂಡಳು. ಆ ಮಾತಿನಲ್ಲಿ ಅವಳ ಪಾಲೂ ಇತ್ತು.

"ನೀವೇ ಬೇಡ ಅಂತಿದ್ರಿ ಅಮ್ಮ," ಎಂದ ಫುಗೆನ್. ಹೇಳಿದ ಮೇಲೆ ನಾಚಿಕೆಯಾಯಿತು.

"ಅಂತಿದ್ದೆ. ಎರಡನೇ ಸಲ ಕೇಳ್ತೀರೇನೋ ಅಂತ ಅಂತಿದ್ದೆ."

ಮಾರನೆಯ ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಫುಗೆನ್ ಬಟ್ಟೆಯಂಗಡಿಯ ಮುಂದೆ ನಿಂತಿದ್ದ. ಕಡುನೀಲಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಅಂಗಿ ತೋರಿಸಿ ಎಂದ. ಅಂಗಡಿಯವನು ನಕ್ಕ. "ಹಳೇದು ಮಾಡೋಕೆ ತಾನೆ ಮೇಸ್ತ್ರಿ? ಒಳ್ಳೇದು ಯಾಕೆ ದಂಡ ಮಾಡ್ತೀರಿ, ಅಗ್ಗದ್ದೇ ತಗೊಳ್ಳಿ. ಹೇಗೂ ನಿಮ್ಮ ಕೈಗೆ ಸಿಕ್ಕಿದ್ದು ಉಳಿಯಲ್ಲ."

"ಹಾಕ್ಕೊಳ್ಳೋಕೆ," ಎಂದ ಫುಗೆನ್.

"ಯಾರು?"

"ನಮ್ಮತ್ತೆ."

ಅಂಗಡಿಯವನು ಅದನ್ನೂ ತಮಾಷೆ ಎಂದುಕೊಂಡು ಇನ್ನೊಂದು ಸಲ ನಕ್ಕ. ಫುಗೆನ್ ಪೊಟ್ಟಣವನ್ನು ಎರಡೇ ಬೆರಳಿನಲ್ಲಿ, ಮೈಗೆ ತಾಗದ ಹಾಗೆ ಎತ್ತಿ ಹಿಡಿದು ಮನೆಗೆ ತಂದ. ತನ್ನ ಕೈಯನ್ನು ಅವನೇ ನಂಬುತ್ತಿರಲಿಲ್ಲ.

ಅತ್ತೆ ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತರು. ಮುಂದೆ ನೋಡಿದರು, ಪಕ್ಕಕ್ಕೆ ತಿರುಗಿದರು, ಮತ್ತೆ ಮುಂದೆ ನೋಡಿದರು. ಐಚಿನ್ ಕಾಲರು ಸರಿಮಾಡಲು ಹೋದರೆ ಕೈ ತಳ್ಳಿದರು. "ಪೆಟ್ಟಿಗೇಲಿ ಇಡ್ಲಾ ಅಮ್ಮ? ಆಮೇಲೆ ಗುಂಡಿ ತೆಗೆದು ಕಸೆ ಹಾಕಿ..." ಎಂದಳು ಐಚಿನ್ ಮೆಲ್ಲಗೆ.

"ಅದಕ್ಕೆ ಅಧಿಕಮಾಸ ಬರ್ಲಿ, ನೀವು ಅಕ್ಕತಂಗಿ ಮತ್ತೆ ಕೂತು ಹೊಲೀರಿ. ಅಲ್ಲೀತನಕ ನಂಗೆ ಸಾಯೋಕೆ ಪುರುಸೊತ್ತಿಲ್ಲ," ಎಂದರು ಅತ್ತೆ. ಫುಗೆನ್ ಕಡೆ ತಿರುಗಿದರು. "ಇದನ್ನ ಹಳೇದು ಮಾಡೋ ಕೆಲಸ ನಂದು. ನೀನು ಕೈಹಚ್ಚಬೇಡ."

ಅಂದಿನಿಂದ ಅತ್ತೆ ದಿನವೂ ಅದನ್ನೇ ತೊಟ್ಟರು. 'ಬಿಸಿಲು ಕಾಲ ಅಮ್ಮ, ಸೆಕೆ' ಎಂದರೂ ಕೇಳಲಿಲ್ಲ. ಸಂಜೆಯಾದರೆ ಕಿಟಕಿಗೆ ಎಡಮೊಣಕೈ ಊರಿ ಕೂರುತ್ತಿದ್ದರು. ಫುಗೆನ್ ಕೆಲಸದಿಂದ ಬಂದವನೇ ಏನೋ ನೆಪ ಮಾಡಿಕೊಂಡು ಹತ್ತಿರ ಹೋಗಿ ಆ ಮೊಣಕೈಯನ್ನು ನೋಡುತ್ತಿದ್ದ. ಬಟ್ಟೆಯ ಲೆಕ್ಕ ಅವನಿಗೆ ತಿಳಿಯದ್ದಲ್ಲ. ಅಂಥ ಗಟ್ಟಿ ಹತ್ತಿಯಲ್ಲಿ ಒಂದು ಎಳೆ ಸವೆಯಬೇಕಾದರೆ ನಾಲ್ಕು ವರ್ಷ ಬೇಕು. ಡಾಕ್ಟರು ಹೇಳಿದ್ದು ಒಂದು. ತಿಂಗಳು ಕಳೆಯಿತು, ಎರಡು ಕಳೆಯಿತು, ಮೊಣಕೈ ಹೊಚ್ಚಹೊಸದಾಗಿಯೇ ಇತ್ತು. ಬಟ್ಟೆ ಹಳತಾಗಲಿ ಎಂದು ಅವನು ಅಷ್ಟು ಹಂಬಲಿಸಿದ್ದು ಇಷ್ಟು ವರ್ಷದ ಕಸುಬಿನಲ್ಲಿ ಇರಲಿಲ್ಲ.

ಒಂದು ಸಂಜೆ ಅತ್ತೆಗೆ ಸಿಕ್ಕಿಬಿದ್ದ.

"ಏನು ನೋಡ್ತೀಯ ದಿನಾ ಬಂದು?"

"ಏನಿಲ್ಲಮ್ಮ. ಸ್ವಲ್ಪನಾದ್ರೂ ಸವೆದಿದೆಯಾ ಅಂತ."

ಅತ್ತೆ ಏದುಸಿರು ಬಿಡುತ್ತಾ ಮೊಣಕೈಯನ್ನು ಕಿಟಕಿಯ ಮೇಲೆ ಇನ್ನಷ್ಟು ಒತ್ತಿ ಕೂತರು.

"ತಾಳಪ್ಪ," ಎಂದರು. "ನಿನ್ನ ಹಾಗೆ ಸಂಜೆಯೊಳಗೆ ಮುಗಿಸೋಕೆ ನಂಗೆ ಬರಲ್ಲ."